ಉಂಗುರ ತಿರುಗಿಸುವವರ ಕೈಪಿಡಿ

ಮೊದಲು ಇದನ್ನು ಓದಿ

ಈ ಕೈಪಿಡಿಯನ್ನು ಕೊನೆಯವರೆಗೆ ಓದುವ ತನಕ ದಯವಿಟ್ಟು ಯಾವ ಲೆನ್ಸನ್ನೂ ಕೊಳ್ಳಬೇಡಿ. ಈಗಾಗಲೇ ಕೊಂಡುಬಿಟ್ಟಿದ್ದರೆ ಓದಬೇಕಾದ ಅಗತ್ಯವಿಲ್ಲ. ಇನ್ನೊಂದನ್ನು ನೀವು ಹೇಗೂ ಕೊಳ್ಳುತ್ತೀರಿ.

ಇವತ್ತಿನ ಮಿರರ್‌ಲೆಸ್ ಕ್ಯಾಮೆರಾ ಕೊಂಬೆಯ ಮರೆಯಲ್ಲಿರುವ ಹಕ್ಕಿಯ ಕಣ್ಣನ್ನು ತಾನೇ ಹುಡುಕಿ, ಹಕ್ಕಿ ಹಾರಿದರೂ ಬಿಡದೆ ಹಿಂಬಾಲಿಸಿ, ಸ್ಪಷ್ಟ ಮಾಡಿಕೊಡುತ್ತದೆ. ಅದಕ್ಕೆಂದೇ ಬ್ಯಾಂಕಿನಲ್ಲಿ ಕಂತು ಕಟ್ಟಿ ಅದನ್ನು ಮನೆಗೆ ತಂದಿದ್ದೀರಿ. ಈಗ ಆ ಸೌಲಭ್ಯವನ್ನೆಲ್ಲ ಆರಿಸಿ, ಐವತ್ತು ವರ್ಷ ಹಳೆಯ ಲೆನ್ಸೊಂದನ್ನು ಅದರ ಮೂತಿಗೆ ಸಿಕ್ಕಿಸಿ, ಉಂಗುರ ತಿರುಗಿಸಿ ತಿರುಗಿಸಿ ಕೈಯಾರೆ ಫೋಕಸ್ ಮಾಡಬೇಕು. ಹೇಗೆ ಎಂಬುದಷ್ಟೇ ಈ ಕೈಪಿಡಿಯ ವಿಷಯ, ಯಾಕೆ ಎಂಬುದಲ್ಲ. ಅಡುಗೆಮನೆಯಲ್ಲಿ ಮಿಕ್ಸಿ ಇದ್ದೂ ಚಟ್ನಿಗೆ ಒರಳುಕಲ್ಲನ್ನೇ ಹುಡುಕುವವರಿಗೆ ವಿವರಣೆ ಬೇಡ. ಉಳಿದವರಿಗೆ ವಿವರಿಸಿ ಪ್ರಯೋಜನವಿಲ್ಲ.

ಈ ಕೈಪಿಡಿಯನ್ನು ಬಳಸುವವರಿಗೆ ನಲವತ್ತು ದಾಟಿರಬೇಕೆಂದು ನಿಯಮವೇನಿಲ್ಲ, ಆದರೆ ದಾಟಿರುತ್ತದೆ. ನಲವತ್ತರ ಆಸುಪಾಸಿನಲ್ಲಿ ಕಣ್ಣೊಳಗಿನ ಲೆನ್ಸ್ ಬಿರುಸಾಗುತ್ತ ಬಂದು ಪೇಪರಿನ ಅಕ್ಷರ ಮಸುಕಾಗುತ್ತದೆ. ನಮ್ಮ ಹಿರಿಯರು ಅದನ್ನು ಚಾಳೇಶ ಅಂದರು. ದೇವರು ಕೊಟ್ಟ ಆಟೋಫೋಕಸ್ ಕೈಕೊಡುವ ಹೊತ್ತಿಗೆ ಸರಿಯಾಗಿ ಮನುಷ್ಯನಿಗೆ ಮ್ಯಾನ್ಯುಯಲ್ ಫೋಕಸ್ ಲೆನ್ಸಿನ ಮೇಲೆ ಯಾಕೆ ಪ್ರೀತಿ ಹುಟ್ಟುತ್ತದೆ ಎಂಬುದು ನನಗೆ ಇಂದಿಗೂ ಬಗೆಹರಿದಿಲ್ಲ.

ಪೆಟ್ಟಿಗೆಯೊಳಗೆ ಏನೇನಿರಬೇಕು

ಕ್ಯಾಮೆರಾ ಒಂದು. ಹಳೆಯ ಲೆನ್ಸ್ ಒಂದು (ಒಂದು ಎಂಬುದು ಆರಂಭದ ಸಂಖ್ಯೆ). ಎರಡರ ನಡುವೆ ಕೂರುವ ಅಡಾಪ್ಟರ್ ಒಂದು. ಟಾರ್ಚ್ ಇರುವ ಮೊಬೈಲ್. ಮತ್ತು ಕದಲದೆ ಕೂರಬಲ್ಲ ಒಬ್ಬ ನೆಂಟರು.

ಕೊನೆಯದು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ನನಗೆ ತೀರ್ಥಹಳ್ಳಿ ಕಡೆಯ ದೊಡ್ಡಮ್ಮ ಇದ್ದಾಳೆ. ಬೇಸಿಗೆಯಲ್ಲಿ ಅಂಗಳದ ಚಾಪೆಯ ಮೇಲೆ ಹಲಸಿನ ಹಪ್ಪಳ ಒಣಹಾಕಿ, ಕಾಗೆ ಓಡಿಸುವ ಕೋಲು ಹಿಡಿದು, ಕಂಬಕ್ಕೆ ಒರಗಿ ಕೂರುತ್ತಾಳೆ. ಹಿಂದೆ ಅಡಿಕೆ ತೋಟ. ಮಧ್ಯಾಹ್ನ ನಾಲ್ಕರ ಮೇಲೆ ಓರೆ ಬಿಸಿಲು. ನಾನು ಎದುರು ಕೂತು ಉಂಗುರ ತಿರುಗಿಸುತ್ತೇನೆ. ಒಂದಷ್ಟು ಹೊತ್ತಾದ ಮೇಲೆ ಅವಳು ಕೇಳುತ್ತಾಳೆ: “ಆಯ್ತೇನೋ?”

ಲೆನ್ಸ್ ಪರೀಕ್ಷಿಸಲು ಪ್ರಪಂಚದಲ್ಲಿ ಹಲವು ಮಾನಗಳಿವೆ. ಗೆರೆಗಳ ಚಾರ್ಟ್ ತೂಗುಹಾಕಿ ಒಂದು ಮಿಲಿಮೀಟರಿನಲ್ಲಿ ಎಷ್ಟು ಗೆರೆ ಬಿಡಿಬಿಡಿಯಾಗಿ ಕಾಣುತ್ತದೆ ಎಂದು ಎಣಿಸುವವರಿದ್ದಾರೆ. ಈ ಕೈಪಿಡಿ ‘ಆಯ್ತೇನೋ’ ಎಂಬ ಮಾನವನ್ನು ಬಳಸುತ್ತದೆ. ಹತ್ತಿರದಿಂದ ದೂರದವರೆಗಿನ ಫೋಕಸನ್ನು ಉಂಗುರದ ಕಾಲು ಸುತ್ತಿನಲ್ಲಿ ಮುಗಿಸುವ ಲೆನ್ಸ್ ಒಂದು ಆಯ್ತೇನೋದ ಲೆನ್ಸ್: ಬೇಗ ಆಗುತ್ತದೆ, ಆದರೆ ಕೂದಲೆಳೆಯಷ್ಟು ತಿರುಗಿಸಿದರೂ ಗುರಿ ದಾಟಿಹೋಗುತ್ತದೆ. ಅರ್ಧ ಸುತ್ತು ಬೇಡುವುದು ಎರಡು ಆಯ್ತೇನೋ. ಮುಕ್ಕಾಲು ಸುತ್ತನ್ನೂ ದಾಟುವ ಹಳೆಯ ಮ್ಯಾಕ್ರೊ ಲೆನ್ಸಿನಲ್ಲಿ ಮೂಗುತಿಯ ಒಂದೊಂದು ಹರಳನ್ನೂ ಬೇರೆಬೇರೆಯಾಗಿ ಸ್ಪಷ್ಟ ಮಾಡಬಹುದು, ಆದರೆ ಅಷ್ಟರಲ್ಲಿ ನಾಲ್ಕು ಆಯ್ತೇನೋ ಆಗಿ, ಐದನೆಯದರ ಬದಲು ದೊಡ್ಡಮ್ಮ ಎದ್ದು ಒಳಗೆ ಹೋಗಿರುತ್ತಾಳೆ. ಮನುಷ್ಯರನ್ನು ತೆಗೆಯುವವರಿಗೆ ಎರಡು ಆಯ್ತೇನೋ ಒಳಗಿನದೇ ಸರಿ. ಕೊಳ್ಳುವ ಮೊದಲು ಉಂಗುರವನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿ ನೋಡಿ. ಮಾರುವವರ ವಿವರದಲ್ಲಿ ಇದೊಂದು ಬಿಟ್ಟು ಎಲ್ಲವೂ ಬರೆದಿರುತ್ತದೆ.

ಹಂತ 1: ಗಾಳಿಯನ್ನು ಕೊಳ್ಳುವುದು

ಅಡಾಪ್ಟರ್ ಅಂದರೆ ಗಾಜಿಲ್ಲದ ಒಂದು ಲೋಹದ ಕೊಳವೆ. ಒಳಗೆ ಇರುವುದು ಬರೀ ಗಾಳಿ. ಆದರೆ ಅಳತೆಯ ಗಾಳಿ.

ಪ್ರತಿಯೊಂದು ಲೆನ್ಸೂ ಸೆನ್ಸರಿನಿಂದ ಇಂತಿಷ್ಟೇ ದೂರದಲ್ಲಿ ಕೂರಬೇಕೆಂದು ಹುಟ್ಟಿರುತ್ತದೆ. ಹಳೆಯ ಎಸ್‌ಎಲ್‌ಆರ್ ಕ್ಯಾಮೆರಾಗಳ ಹೊಟ್ಟೆಯಲ್ಲಿ ಮೇಲೆ ಕೆಳಗೆ ಬಡಿದುಕೊಳ್ಳುವ ಕನ್ನಡಿಯೊಂದಿತ್ತು; ಅದಕ್ಕೆ ಜಾಗ ಬಿಡಬೇಕಾಗಿತ್ತು. ಹಾಗಾಗಿ ನಿಕಾನ್ 1959ರಲ್ಲಿ ತಂದ ಎಫ್ ಮೌಂಟಿನಲ್ಲಿ ಈ ದೂರ 46.5 ಮಿ.ಮೀ. ತಿರುಪಿನಂತೆ ತಿರುಗಿಸಿ ಕೂರಿಸುವ ಎಂ42 ಲೆನ್ಸುಗಳಿಗೆ 45.46. ಕ್ಯಾನನ್‌ನ ಹಳೆಯ ಎಫ್‌ಡಿಗೆ 42. ಮಿರರ್‌ಲೆಸ್ ಬಂತು, ಕನ್ನಡಿ ಹೋಯಿತು, ಜಾಗ ಖಾಲಿಯಾಯಿತು: ಸೋನಿ ಇ ಮೌಂಟಿನಲ್ಲಿ 18 ಮಿ.ಮೀ., ನಿಕಾನ್ ಝಡ್‌ನಲ್ಲಿ 16, ಕ್ಯಾನನ್ ಆರ್‌ಎಫ್‌ನಲ್ಲಿ 20. ಎಂ42 ಲೆನ್ಸನ್ನು ಸೋನಿಗೆ ಹಾಕಬೇಕೆಂದರೆ 45.46ರಲ್ಲಿ 18 ಕಳೆಯಿರಿ. ಉಳಿದ 27.46 ಮಿ.ಮೀ. ಗಾಳಿಯನ್ನು ಸುತ್ತ ಒಂದು ಲೋಹದ ಗೋಡೆ ಕಟ್ಟಿ ಮಾರುತ್ತಾರೆ. ಬೆಂಗಳೂರಿನಲ್ಲಿ ಸೈಟು ಮಾರುವುದು ನೋಡಿದವರಿಗೆ ಇದರಲ್ಲಿ ಆಶ್ಚರ್ಯವಿರಬಾರದು.

ಕನ್ನಡಿ ಹೋದದ್ದರಿಂದಲೇ ಈ ಇಡೀ ಹುಚ್ಚು ಸಾಧ್ಯವಾಯಿತು. ಎಂ42 ಲೆನ್ಸನ್ನು ನಿಕಾನ್ ಡಿಎಸ್‌ಎಲ್‌ಆರ್‌ಗೆ ಸಿಕ್ಕಿಸಲು ಹೋದವರಿಗೆ ಒಂದು ಮಿಲಿಮೀಟರ್ ಚಿಲ್ಲರೆ ಅಡ್ಡ ಬರುತ್ತಿತ್ತು. ಲೆನ್ಸ್ ಬೇಕಾದ್ದಕ್ಕಿಂತ ಮುಂದೆ ಕೂತು, ಎದುರಿನ ಮನುಷ್ಯ ಕಂಡರೂ ಹಿಂದಿನ ಬೆಟ್ಟ ಎಂದಿಗೂ ಸ್ಪಷ್ಟವಾಗುತ್ತಿರಲಿಲ್ಲ. ಈಗ ಎಲ್ಲ ಜಾತಿಯ ಲೆನ್ಸೂ ಒಂದೇ ಪಂಕ್ತಿಯಲ್ಲಿ ಕೂರುತ್ತವೆ.

ಅಡಾಪ್ಟರ್ ತಯಾರಕರು ಕೊಳವೆಯನ್ನು ಬೇಕೆಂದೇ ಕೂದಲೆಳೆಯಷ್ಟು ಗಿಡ್ಡ ಮಾಡುತ್ತಾರೆ. ಉದ್ದವಾದರೆ ದೂರದ್ದು ಸಿಗುವುದೇ ಇಲ್ಲ, ಗಿರಾಕಿ ಜಗಳಕ್ಕೆ ಬರುತ್ತಾನೆ. ಗಿಡ್ಡವಾದರೆ ದೂರದ್ದನ್ನು ದಾಟಿ ಇನ್ನಷ್ಟು ತಿರುಗುತ್ತದೆ, ಅಷ್ಟೇ. ಇದರಿಂದ ಲೆನ್ಸಿನ ಮೇಲೆ ಕೆತ್ತಿದ ಆ ಮಲಗಿದ ಎಂಟರ ಗುರುತು, ಅನಂತ, ಸುಳ್ಳಾಗುತ್ತದೆ. ಉಂಗುರವನ್ನು ಕೊನೆಯವರೆಗೆ ತಿರುಗಿಸಿ ‘ಬೆಟ್ಟ ಬಂತು’ ಎಂದು ಕಣ್ಣು ಮುಚ್ಚಿ ಒತ್ತಬೇಡಿ. ನಮ್ಮೂರಿನಿಂದ ಅನಂತವೆಂದರೆ ಕುಂದಾದ್ರಿ. ನನ್ನ ಮೊದಲ ಅಡಾಪ್ಟರಿನಲ್ಲಿ ಕುಂದಾದ್ರಿಯನ್ನೂ ದಾಟಿ ಅದರಾಚೆಗೆ ಏನನ್ನೋ ಫೋಕಸ್ ಮಾಡುತ್ತಿದ್ದೆ. ಅಲ್ಲಿ ಏನಿತ್ತೋ, ಚೆನ್ನಾಗಿ ಬಂದಿರಬೇಕು.

ಹಂತ 2: ಕ್ಯಾಮೆರಾಕ್ಕೆ ಸುಳ್ಳು ಹೇಳುವುದು

ಲೆನ್ಸ್ ಸಿಕ್ಕಿಸಿ ಬಟನ್ ಒತ್ತಿದಿರಿ. ಏನೂ ಆಗಲಿಲ್ಲ. ಹಳೆಯ ಲೆನ್ಸಿಗೆ ವಿದ್ಯುತ್ ಸಂಪರ್ಕವಿಲ್ಲದ ಕಾರಣ ಕ್ಯಾಮೆರಾದ ಲೆಕ್ಕದಲ್ಲಿ ಅಲ್ಲಿ ಲೆನ್ಸೇ ಇಲ್ಲ. ಕಾಲು ಕಿಲೋ ಗಾಜು-ಲೋಹ ಮೂತಿಗೆ ನೇತಾಡುತ್ತಿದ್ದರೂ ಪರದೆಯ ಮೇಲೆ ಅಪರ್ಚರ್ ಜಾಗದಲ್ಲಿ ಎರಡು ಗೀಟು. ಪಹಣಿಯಲ್ಲಿ ಹೆಸರಿಲ್ಲದವನು ತೋಟದ ನಡುವೆ ನಿಂತಿದ್ದರೂ ತೋಟ ಅವನದಲ್ಲವಲ್ಲ, ಹಾಗೆ. ಮೆನುವಿನಲ್ಲಿ ‘ಲೆನ್ಸ್ ಇಲ್ಲದೆಯೂ ಶಟರ್ ಬಿಡು’ ಎಂಬ ಅರ್ಥದ ಸಾಲೊಂದು ಎಲ್ಲೋ ಆಳದಲ್ಲಿ ಇರುತ್ತದೆ. ಹುಡುಕಿ ಹೌದು ಅನ್ನಿ.

ಎರಡನೆಯ ಅರ್ಜಿ ಸ್ವಲ್ಪ ಮುಖ್ಯ. ಕ್ಯಾಮೆರಾದೊಳಗೆ ಕೈನಡುಕ ತಡೆಯುವ ವ್ಯವಸ್ಥೆ ಇದ್ದರೆ ಲೆನ್ಸ್ ಎಷ್ಟು ಮಿಲಿಮೀಟರಿನದು ಎಂದು ನೀವೇ ತುಂಬಬೇಕು. ನಿನ್ನೆ ಹಕ್ಕಿಗೆಂದು 500 ತುಂಬಿ, ಇವತ್ತು 28 ಹಾಕಿಕೊಂಡು ಬದಲಿಸಲು ಮರೆತರೆ, ಕ್ಯಾಮೆರಾ ನಿಮ್ಮ ಸಣ್ಣ ನಡುಕಕ್ಕೆ ಭಾರೀ ಪರಿಹಾರ ಕೊಟ್ಟು ತಾನೇ ಅಲುಗಾಡಿಸುತ್ತದೆ. ಮಗಳ ಶಾಲೆಯ ವಾರ್ಷಿಕೋತ್ಸವದ ನಲವತ್ತು ಚಿತ್ರಗಳು ನನ್ನ ಹತ್ತಿರ ಹೀಗಿವೆ. ಭೂಕಂಪವಾಗಿತ್ತೇ ಎಂದು ನೋಡಿದವರು ಕೇಳಿದರು.

ಮೂರನೆಯದು, ವ್ಯೂಫೈಂಡರ್ ಪಕ್ಕದ ಪುಟ್ಟ ಚಕ್ರ. ಅದು ನಿಮ್ಮ ಕಣ್ಣಿನ ಪವರಿಗೆ ಹೊಂದಿಸಲು ಇರುವುದು. ಬ್ಯಾಗಿಗೆ ಉಜ್ಜಿ ಆಗಾಗ ತಾನೇ ತಿರುಗಿಬಿಡುತ್ತದೆ. ಮೂರು ಲೆನ್ಸುಗಳನ್ನು ‘ಮಂಕು’ ಎಂದು ಬೈದು ಒಂದನ್ನು ಮಾರಿಯೂ ಬಿಟ್ಟ ಮೇಲೆ ನನಗೆ ಈ ಚಕ್ರದ ಪರಿಚಯವಾಯಿತು.

ಹಂತ 3: ದೋಷ ನೋಡಿ ಆರಿಸುವುದು

ಇಲ್ಲಿಂದ ಮುಂದಿನದೇ ಈ ಕೈಪಿಡಿಯ ಹೊಟ್ಟೆ. ಗುಣ ನೋಡಿ ಕೊಳ್ಳುವವರು ಹೊಸ ಆಟೋಫೋಕಸ್ ಲೆನ್ಸ್ ಕೊಂಡು ಸುಖವಾಗಿರಲಿ. ಅಂಚಿನಿಂದ ಅಂಚಿಗೆ ಸ್ಪಷ್ಟತೆ, ಬಣ್ಣದ ಶುದ್ಧತೆ, ವೇಗ, ಎಲ್ಲದರಲ್ಲೂ ಅದೇ ಮೇಲು. ಹಳೆಯ ಲೆನ್ಸನ್ನು ಮಾತ್ರ ದೋಷ ನೋಡಿಯೇ ಕೊಳ್ಳಬೇಕು. ಯಾವ ದೋಷದ ಜೊತೆ ನೀವು ಬಾಳಬಲ್ಲಿರಿ, ಯಾವ ದೋಷವನ್ನು ನಾಲ್ಕು ಜನರಿಗೆ ತೋರಿಸಿ ಹೆಮ್ಮೆಪಡಬಲ್ಲಿರಿ ಎಂದು ತೀರ್ಮಾನವಾದರೆ ಆಯ್ಕೆ ಮುಗಿಯಿತು.

ಹೀಲಿಯೋಸ್ 44-2 ಎಂಬುದನ್ನೇ ತೆಗೆದುಕೊಳ್ಳಿ. 58 ಮಿ.ಮೀ., ಎಫ್2, ಎಂ42 ತಿರುಪು. ಮೂಲದಲ್ಲಿ ಇದು ಜರ್ಮನಿಯ ಕಾರ್ಲ್ ಝೈಸ್ ಕಂಪನಿಯ ಬಯೊಟಾರ್. ಎರಡನೇ ಮಹಾಯುದ್ಧ ಮುಗಿದ ಮೇಲೆ ಆ ವಿನ್ಯಾಸ ಸೋವಿಯತ್ ಒಕ್ಕೂಟಕ್ಕೆ ಹೋಗಿ, ಮಾಸ್ಕೋ ಹತ್ತಿರದ ಕ್ರಾಸ್ನೊಗೊರ್ಸ್ಕ್ ಕಾರ್ಖಾನೆಯಲ್ಲಿ ಹೊಸ ಹೆಸರು ಪಡೆದು, ಜೆನಿತ್ ಕ್ಯಾಮೆರಾಗಳ ಜೊತೆ ಲಕ್ಷಗಟ್ಟಲೆ ಹೊರಬಿತ್ತು. ಅದರ ದೋಷ ಪ್ರಸಿದ್ಧ: ಅಪರ್ಚರ್ ಪೂರ್ತಿ ತೆರೆದು, ಹಿಂದೆ ಎಲೆಗಳ ನಡುವೆ ಬೆಳಕಿನ ಚುಕ್ಕೆಗಳಿರುವಂತೆ ನಿಂತರೆ, ಆ ಚುಕ್ಕೆಗಳು ನಡುವಿನಲ್ಲಿ ದುಂಡಗಿದ್ದು ಅಂಚಿಗೆ ಹೋಗುತ್ತ ಬೆಕ್ಕಿನ ಕಣ್ಣಿನಂತೆ ಸೀಳಾಗಿ, ಎಲ್ಲ ಸೇರಿ ಮುಖದ ಸುತ್ತ ಸುಳಿ ಸುತ್ತಿದ ಹಾಗೆ ಕಾಣುತ್ತವೆ. ಓರೆಯಾಗಿ ಬರುವ ಬೆಳಕನ್ನು ಲೆನ್ಸಿನ ಕೊಳವೆಯ ಅಂಚೇ ಅರ್ಧ ಕತ್ತರಿಸುವುದರಿಂದ, ಜೊತೆಗೆ ಅಂಚಿನ ಫೋಕಸ್ ಸಮತಟ್ಟಾಗಿ ಬೀಳದಿರುವುದರಿಂದ ಹೀಗೆ.

ದನದ ಜಾತ್ರೆಯಲ್ಲಿ ಎತ್ತಿನ ಮೈ ಮೇಲಿನ ಸುಳಿ ನೋಡಿ ಬೆಲೆ ಇಳಿಸುತ್ತಾರೆ. ಇಲ್ಲಿ ಸುಳಿ ನೋಡಿ ಬೆಲೆ ಏರಿಸುತ್ತಾರೆ. ದೊಡ್ಡಪ್ಪ ಬದುಕಿದ್ದರೆ ಇದನ್ನು ಅವರಿಗೆ ಹೇಗೆ ಹೇಳುತ್ತಿದ್ದೆನೋ ಗೊತ್ತಿಲ್ಲ.

ಒಂದು ಎಚ್ಚರಿಕೆ: ಸುಳಿ ಇರುವುದು ಚಿತ್ರದ ಅಂಚಿನಲ್ಲಿ. ನಿಮ್ಮ ಕ್ಯಾಮೆರಾದ ಸೆನ್ಸರ್ ಫುಲ್ ಫ್ರೇಮ್ ಅಲ್ಲದೆ ಎಪಿಎಸ್-ಸಿ ಆಗಿದ್ದರೆ ಅದು ಅಂಚನ್ನೇ ಕತ್ತರಿಸಿ ನಡುವನ್ನು ಮಾತ್ರ ಇಟ್ಟುಕೊಳ್ಳುತ್ತದೆ. 58 ಎಂಬುದು 87ರ ಹಾಗೆ ವರ್ತಿಸುತ್ತದೆ, ಸುಳಿ ಬಹುಪಾಲು ಆಚೆ ಉಳಿಯುತ್ತದೆ. ದೋಷಕ್ಕೆಂದು ದುಡ್ಡು ಕೊಟ್ಟು ದೋಷ ಸಿಗದಿದ್ದರೆ ಗ್ರಾಹಕರ ಆಯೋಗಕ್ಕೂ ಹೋಗಲಾಗದು.

ಅಡಿಕೆ ತೋಟಕ್ಕಿಂತ ಒಳ್ಳೆಯ ಹಿನ್ನೆಲೆ ಈ ಲೆನ್ಸಿಗೆ ಜಗತ್ತಿನಲ್ಲಿಲ್ಲ ಎಂದು ನನ್ನ ಖಚಿತ ಅಭಿಪ್ರಾಯ. ಸೋಗೆಗಳ ನಡುವೆ ತೂರುವ ಬಿಸಿಲು ಸಾವಿರ ಚುಕ್ಕೆಯಾಗುತ್ತದೆ. ದೊಡ್ಡಮ್ಮನಿಂದ ಒಂದು ಮೀಟರ್ ದೂರದಲ್ಲಿ ಕೂತು ಎಫ್2ರಲ್ಲಿ ತೆಗೆದಾಗ ಸ್ಪಷ್ಟವಾಗಿ ಬರುವುದು ಹೆಚ್ಚುಕಡಿಮೆ ಮೂರೂವರೆ ಸೆಂಟಿಮೀಟರ್ ದಪ್ಪದ ಒಂದು ಪದರ ಮಾತ್ರ. ಮೂಗುತಿಗೆ ಫೋಕಸ್ ಮಾಡಿದರೆ ಕಣ್ಣು ಆ ಪದರದ ಹಿಂದೆ ಬಿತ್ತು. ಕಣ್ಣಿಗೆ ಮಾಡಿದರೆ ಮೂಗುತಿ ಬೆಳಕಿನ ಉಂಡೆ. ಅವಳು ಉಸಿರೆಳೆದುಕೊಂಡರೆ ಎರಡೂ ಹೋದವು. ಮೊದಲ ದಿನ ಮೂವತ್ತು ಚಿತ್ರ ತೆಗೆದೆ. ಇಪ್ಪತ್ತೊಂಬತ್ತರಲ್ಲಿ ಸ್ಪಷ್ಟವಾಗಿ ಬಂದದ್ದು ಕಿವಿಯ ಓಲೆ, ಸೆರಗಿನ ಅಂಚು, ಕಂಬದ ಮೇಲಿನ ಗೆದ್ದಲ ಗೂಡು. ಒಂದರಲ್ಲಿ ಕಣ್ಣು ಬಂತು. ಅದರಲ್ಲಿ ಅವಳು ನನ್ನನ್ನು ನೋಡುತ್ತಿಲ್ಲ, ಹಪ್ಪಳದ ಕಡೆ ಬಂದ ಕಾಗೆಯನ್ನು ನೋಡುತ್ತಿದ್ದಾಳೆ. ಹಿಂದೆ ಇಡೀ ತೋಟ ತಿರುಗುತ್ತಿದೆ.

ನಿಕಾನ್‌ನ 105 ಮಿ.ಮೀ. ಎಫ್2.5ರ ಬಗ್ಗೆ ಹೇಳದೆ ಮುಂದೆ ಹೋಗುವಂತಿಲ್ಲ. 1984ರಲ್ಲಿ ಪೆಶಾವರ ಹತ್ತಿರದ ನಿರಾಶ್ರಿತರ ಶಿಬಿರದಲ್ಲಿ ಸ್ಟೀವ್ ಮೆಕ್‌ಕರಿ ಆ ಹಸಿರುಗಣ್ಣಿನ ಅಫ್ಘನ್ ಹುಡುಗಿಯನ್ನು ತೆಗೆದದ್ದು ಈ ಲೆನ್ಸಿನಲ್ಲೇ. 1985ರ ಜೂನ್ ತಿಂಗಳ ನ್ಯಾಷನಲ್ ಜಿಯೊಗ್ರಾಫಿಕ್ ಮುಖಪುಟ. ಇದರ ದೋಷ ಏನೆಂದರೆ ದೋಷವಿಲ್ಲ. ಚಿತ್ರ ಕೆಟ್ಟರೆ ಲೆನ್ಸಿನ ಮೇಲೆ ಹಾಕುವಂತಿಲ್ಲ. ಅದೇ 1985ರಲ್ಲಿ ಮಿನೋಲ್ಟಾ ತನ್ನ 7000 ಎಂಬ ಕ್ಯಾಮೆರಾದ ದೇಹದೊಳಗೇ ಆಟೋಫೋಕಸ್ ಕೂರಿಸಿ ಮಾರುಕಟ್ಟೆಗೆ ಬಿಟ್ಟಿತು. ಉಂಗುರ ತಿರುಗಿಸುವವರ ಕಾಲ ಅಲ್ಲಿಂದ ಇಳಿಮುಖ. ಅದಕ್ಕೆ ಹಿಂದಿನದೆಲ್ಲ, ಮೈಸೂರಿನ ಟಿ.ಎಸ್. ಸತ್ಯನ್ ಅವರು ದೇಶ ಸುತ್ತಿ ತೆಗೆದ ಮಕ್ಕಳ ಮುಖಗಳಾಗಲಿ, ಟಿ.ಎನ್.ಎ. ಪೆರುಮಾಳ್ ಅವರ ಕಾಡಿನ ಚಿತ್ರಗಳಾಗಲಿ, ಬೆರಳ ತುದಿಯಲ್ಲೇ ಫೋಕಸ್ ಆದವು. ಮೂಡಿಗೆರೆಯ ತೋಟದಲ್ಲಿ ಕ್ಯಾಮೆರಾ ಹಿಡಿದು ಹಕ್ಕಿಗಳ ಹಿಂದೆ ಬಿದ್ದ ತೇಜಸ್ವಿಯವರನ್ನು ಓದಿದವರಿಗೆ ಕಾಯುವುದು ಅಂದರೆ ಏನೆಂದು ಬೇರೆ ಹೇಳಬೇಕಿಲ್ಲ. ಅವರ್ಯಾರೂ ಅದನ್ನು ಹವ್ಯಾಸದ ವಿಲಾಸ ಅಂದುಕೊಂಡಿರಲಿಲ್ಲ. ಬೇರೆ ದಾರಿ ಇರಲಿಲ್ಲ. ನಮಗೆ ದಾರಿ ಇದೆ, ಆದ್ದರಿಂದ ಕೈಪಿಡಿ ಬೇಕು.

ಹಕ್ಕಿ ಅಂದಾಗ ನೆನಪಾಯಿತು. 500 ಮಿ.ಮೀ. ಎಫ್8ರ ಕನ್ನಡಿ ಲೆನ್ಸುಗಳು ಸೆಕೆಂಡ್ ಹ್ಯಾಂಡಿನಲ್ಲಿ ಸೋವಿಗೆ ಸಿಗುತ್ತವೆ. ಒಳಗೆ ಗಾಜಿನ ಬದಲು ಮುಖ್ಯ ಕೆಲಸವನ್ನು ಎರಡು ಕನ್ನಡಿಗಳು ಮಾಡುವುದರಿಂದ ಗಿಡ್ಡ, ಹಗುರ. ನಡುವೆ ಒಂದು ಪುಟ್ಟ ಕನ್ನಡಿ ಬೆಳಕಿಗೆ ಅಡ್ಡ ಕೂತಿರುವುದರಿಂದ ಹಿನ್ನೆಲೆಯ ಬೆಳಕಿನ ಚುಕ್ಕೆಯೆಲ್ಲ ನಡುವೆ ತೂತಿರುವ ಉಂಗುರವಾಗುತ್ತದೆ. ಕೆರೆಯ ಬೆಳ್ಳಕ್ಕಿ ತೆಗೆದು ತಂದು ಮನೆಯಲ್ಲಿ ತೋರಿಸಿದೆ. “ಹಕ್ಕಿ ಹಿಂದೆ ಅಷ್ಟೊಂದು ಉದ್ದಿನವಡೆ ಯಾಕೆ ತೇಲ್ತಿದೆ?” ಎಂದು ನನ್ನ ಹೆಂಡತಿ ಕೇಳಿದಳು. ಅಪರ್ಚರ್ ಬದಲಿಸುವಂತಿಲ್ಲ, ಎಫ್8 ಅಂದರೆ ಎಫ್8. ಮೋಡ ಬಂದರೆ ಮನೆಗೆ.

ಹಳೆಯ ಜೂಮ್‌ಗಳು: ಬೇಡ.

ಲೈಕಾ ಮಾದರಿಯ ರೇಂಜ್‌ಫೈಂಡರ್ ಕ್ಯಾಮೆರಾಗಳ ಅಗಲ ನೋಟದ ಲೆನ್ಸುಗಳು, ಅಂದರೆ 28, 21 ಇತ್ಯಾದಿ, ನೋಡಲು ಹುಣಸೆಬೀಜದಷ್ಟು ಮುದ್ದು. ಆದರೆ ಅವುಗಳ ಹಿಂದಿನ ಗಾಜು ಸೆನ್ಸರಿಗೆ ತೀರಾ ಹತ್ತಿರ ಕೂತು ಅಂಚಿಗೆ ಬೆಳಕನ್ನು ತುಂಬ ಓರೆಯಾಗಿ ಬಿಸಾಡುತ್ತದೆ. ಫಿಲ್ಮ್ ಅದನ್ನು ಸಹಿಸುತ್ತಿತ್ತು. ಸೆನ್ಸರಿನ ಮೇಲಿನ ಗಾಜಿನ ಪದರ ಸಹಿಸದೆ ಮೂಲೆಗಳನ್ನು ಎಣ್ಣೆ ಸವರಿದಂತೆ ಕಲಸಿಬಿಡುತ್ತದೆ. ಅಗಲ ನೋಟ ಬೇಕಾದವರು ಎಸ್‌ಎಲ್‌ಆರ್ ಕಾಲದ 28 ಕೊಳ್ಳಿ. ಎಫ್8ಕ್ಕೆ ಇಟ್ಟು ಮೂರೂಕಾಲು ಮೀಟರಿಗೆ ಉಂಗುರ ನಿಲ್ಲಿಸಿದರೆ ಫುಲ್ ಫ್ರೇಮಿನಲ್ಲಿ ಒಂದೂಮುಕ್ಕಾಲು ಮೀಟರಿನಿಂದ ಕುಂದಾದ್ರಿವರೆಗೆ ಎಲ್ಲವೂ ಸ್ಪಷ್ಟ. ಜಾತ್ರೆಗೆ, ತೇರಿಗೆ, ಸಂತೆಗೆ ಇದು ಸೊನ್ನೆ ಆಯ್ತೇನೋದ ಲೆನ್ಸ್. ಯಾವ ಆಟೋಫೋಕಸ್ಸೂ ಇಷ್ಟು ಬೇಗ ಇಲ್ಲ, ಏಕೆಂದರೆ ಫೋಕಸ್ಸೇ ಮಾಡಬೇಕಿಲ್ಲ. ಗುಂಪಿನಲ್ಲಿ ಒಮ್ಮೆ ಹೀಗೆ ತೆಗೆದವರು ಮ್ಯಾನ್ಯುಯಲ್ ಲೆನ್ಸನ್ನು ನಿಧಾನದ ಸಾಧನ ಅಂದುಕೊಳ್ಳುವುದನ್ನು ಬಿಡುತ್ತಾರೆ.

ಹೊಸದಾಗಿಯೂ ಮ್ಯಾನ್ಯುಯಲ್ ಲೆನ್ಸ್ ಮಾಡುವವರಿದ್ದಾರೆ. ಜಪಾನಿನ ಕೊಸಿನಾ ಕಂಪನಿ ಫೋಕ್ಟ್‌ಲೆಂಡರ್ ಹೆಸರಿನಲ್ಲಿ ಮಾಡುವುದು ಬಂಗಾರದ ಕೆಲಸ. ಸೋನಿಗೆಂದು ಮಾಡಿದವುಗಳಲ್ಲಿ ಉಂಗುರ ಮುಟ್ಟಿದೊಡನೆ ವ್ಯೂಫೈಂಡರ್ ತಾನೇ ದೊಡ್ಡದು ಮಾಡಿ ತೋರಿಸುತ್ತದೆ, ಕ್ಯಾಮೆರಾಕ್ಕೆ ಸುಳ್ಳು ಹೇಳಬೇಕಿಲ್ಲ. ಚೀನಾದ ಟಿಟಿಆರ್ಟಿಸಾನ್, 7ಆರ್ಟಿಸಾನ್ಸ್‌ನವರು ಕಡಿಮೆ ದುಡ್ಡಿಗೆ ಕೊಡುತ್ತಾರೆ. ಬುದ್ಧಿವಂತರು ಇವನ್ನು ಕೊಳ್ಳಬೇಕು. ಬುದ್ಧಿವಂತರು ಈ ಕೈಪಿಡಿಯನ್ನು ಇಲ್ಲಿಯವರೆಗೆ ಓದಿರುವುದಿಲ್ಲವಾದ್ದರಿಂದ ಮುಂದಕ್ಕೆ ಹೋಗೋಣ.

ಹಂತ 4: ಹಲ್ಲು ಎಣಿಸುವುದು

ಬೆಂಗಳೂರಿನ ಸಿಟಿ ಮಾರ್ಕೆಟ್ ಹತ್ತಿರ ಭಾನುವಾರ ಹರಡುವ ಸಂಡೇ ಬಜಾರಿನಲ್ಲಿ, ಕೈಗಡಿಯಾರದ ಪಟ್ಟಿ ಮತ್ತು ಕೊಳಾಯಿ ನಲ್ಲಿಗಳ ನಡುವೆ, ಒಮ್ಮೊಮ್ಮೆ ಲೆನ್ಸ್ ಕಾಣುತ್ತದೆ. ಎದೆ ಹಾರಿದರೂ ಮುಖದಲ್ಲಿ ತೋರಿಸಬೇಡಿ. ಮೊದಲು ನಲ್ಲಿಯ ಬೆಲೆ ಕೇಳಿ.

ಎತ್ತು ಕೊಳ್ಳುವವನು ಬಾಯಿ ಬಿಡಿಸಿ ಹಲ್ಲು ನೋಡಿ, ನಾಲ್ಕು ಹೆಜ್ಜೆ ನಡೆಸಿ, ಆಮೇಲೆ ಟವೆಲ್ ಕೆಳಗೆ ಕೈಹಾಕಿ ಬೆರಳು ಹಿಡಿದು ವ್ಯಾಪಾರ ಮಾಡುತ್ತಾನಲ್ಲ, ಕ್ರಮ ಅದೇ. ಲೆನ್ಸಿನ ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು ಮುಂದಿನಿಂದ ಓರೆಯಾಗಿ ನೋಡಿ. ಧೂಳಿನ ನಾಲ್ಕು ಕಣ ಇದ್ದೇ ಇರುತ್ತದೆ, ಚಿತ್ರದಲ್ಲಿ ಕಾಣುವುದಿಲ್ಲ. ಮರದ ಬೇರಿನಂತೆ, ಜೇಡನ ಎಳೆಯಂತೆ ಹರಡಿದ್ದರೆ ಅದು ಫಂಗಸ್. ಒಳಗೆಲ್ಲ ಮಂಜು ಕವಿದಂತಿದ್ದರೆ ಹೇಜ್. ಅಂಚಿನಲ್ಲಿ ಕಾಮನಬಿಲ್ಲಿನ ಹೊಳಪು ಕಂಡರೆ ಎರಡು ಗಾಜನ್ನು ಅಂಟಿಸಿದ ಅಂಟು ಬಿಟ್ಟುಕೊಂಡಿದೆ, ವಾಪಸ್ ಇಡಿ. ಮುಂದಿನ ಗಾಜಿನ ಮೇಲೆ ಸಣ್ಣ ಗೀರಿದ್ದರೆ ಚಿಂತಿಲ್ಲ, ಅದನ್ನೇ ತೋರಿಸಿ ಬೆಲೆ ಇಳಿಸಿ. ಹಿಂದಿನ ಗಾಜಿನ ಗೀರು ಮಾತ್ರ ಚಿತ್ರದಲ್ಲಿ ಕಾಣುವ ಸಂಭವ ಹೆಚ್ಚು. ಅಪರ್ಚರ್ ಎಲೆಗಳು ಎಣ್ಣೆ ಕುಡಿದು ಮಿನುಗುತ್ತಿವೆಯೇ ನೋಡಿ. ಉಂಗುರ ಬೆಣ್ಣೆಯಲ್ಲಿ ಸುತ್ತಿದಂತೆ ತಿರುಗಬೇಕು. ಮರಳು ಅರೆದಂತೆ ಸದ್ದಾದರೆ ಒಳಗಿನ ಗ್ರೀಸ್ ಒಣಗಿದೆ. ಕಿವಿಯ ಹತ್ತಿರ ಹಿಡಿದು ತೆಂಗಿನಕಾಯಿಯಂತೆ ಅಲ್ಲಾಡಿಸಿ. ತೆಂಗಿನಕಾಯಿಯಲ್ಲಿ ನೀರಿನ ಸದ್ದು ಬಂದರೆ ಒಳ್ಳೆಯದು, ಲೆನ್ಸಿನಲ್ಲಿ ಏನೇ ಬಂದರೂ ಕೆಟ್ಟದ್ದು.

ನನ್ನ ಮೊದಲ ಲೆನ್ಸಿನೊಳಗೆ ಬೇರಿನಂಥದ್ದು ಕಂಡಾಗ ಮಾರುವವನನ್ನು ಕೇಳಿದೆ. “ಧೂಳು ಸಾರ್, ಊಫ್ ಅಂದ್ರೆ ಹೋಗುತ್ತೆ” ಅಂದ. ಊದಿದೆ. ಅವನೂ ಊದಿದ. ಪಕ್ಕದ ನಲ್ಲಿ ಅಂಗಡಿಯವನೂ ಬಂದು ಊದಿದ. ಮೂರು ಜನ ಊದಿದ ಮೇಲೆ ಕೊಳ್ಳದೆ ಹೋಗುವುದು ಸೌಜನ್ಯವಲ್ಲ ಅನ್ನಿಸಿತು.

ಮನೆಗೆ ತಂದ ಮೇಲೆ ಉತ್ತರ ಕೊಡಬೇಕಾದ ಪ್ರಶ್ನೆ ಒಂದೇ: “ಇದೂ ಐವತ್ತೇ ಅಲ್ವಾ?” ಐವತ್ತು ಮಿಲಿಮೀಟರಿನ ಲೆನ್ಸ್ ಹಳೆಯ ಕ್ಯಾಮೆರಾಗಳ ಜೊತೆಗೇ ಬರುತ್ತಿದ್ದುದರಿಂದ ಅದು ಎಲ್ಲೆಲ್ಲೂ ಸಿಗುತ್ತದೆ, ಅಗ್ಗ, ಮತ್ತು ಕಳಪೆಯಾದದ್ದು ವಿರಳ. ಆದ್ದರಿಂದ ನನ್ನ ಹತ್ತಿರ ಆರು ಇವೆ. ಹೀಲಿಯೋಸ್ ಬಂದಾಗ ಮಾತ್ರ ತಲೆಯೆತ್ತಿ ಹೇಳಿದ್ದೆ: “ಅಲ್ಲ, ಇದು ಐವತ್ತೆಂಟು.”

ಹಂತ 5: ಕೆಂಪು ಕಂಡರೆ ನಂಬಬೇಡಿ

ಮಿರರ್‌ಲೆಸ್‌ನಲ್ಲಿ ಫೋಕಸ್ ಪೀಕಿಂಗ್ ಎಂಬ ಸೌಲಭ್ಯವಿದೆ: ಸ್ಪಷ್ಟವಾದ ಅಂಚುಗಳ ಮೇಲೆ ಕೆಂಪೋ ಹಳದಿಯೋ ಬಣ್ಣ ಮಿನುಗುತ್ತದೆ. ನೋಡಲು ಓಕುಳಿ. ಆದರೆ ಅದು ಅಳೆಯುವುದು ಅಂಚಿನ ಕಪ್ಪು-ಬಿಳುಪಿನ ವ್ಯತ್ಯಾಸವನ್ನು. ಜರಿ ಅಂಚಿನ ಸೀರೆ ಫೋಕಸ್ ತುಸು ತಪ್ಪಿದ್ದರೂ ಕೆಂಪಗೆ ಉರಿಯುತ್ತದೆ; ಸುಕ್ಕು ಮುಖದ ಮೃದು ಕಣ್ಣು ಸರಿಯಾಗಿದ್ದರೂ ಮಿನುಗುವುದಿಲ್ಲ. ದೂರದ ದೃಶ್ಯಕ್ಕೆ ಪೀಕಿಂಗ್ ಸಾಕು. ಎಫ್2ರಲ್ಲಿ ಮುಖ ತೆಗೆಯುವಾಗ ಒಂದು ಬಟನ್ನಿಗೆ ‘ಹಿಗ್ಗಿಸು’ ಎಂಬ ಕೆಲಸ ಹಚ್ಚಿ, ಕಣ್ಣಿನ ರೆಪ್ಪೆ ಎಣಿಸುವಷ್ಟು ದೊಡ್ಡದು ಮಾಡಿ ನೋಡಿ, ಆಮೇಲೆ ಒತ್ತಿ. ಅಥವಾ ಉಂಗುರ ಬಿಟ್ಟುಬಿಡಿ. ನೀವೇ ಹಿಂದೆ ಮುಂದೆ ಒಂದಿಷ್ಟು ತೂಗಿ. ಸಂಧ್ಯಾವಂದನೆಯಲ್ಲಿ ತೂಕಡಿಸುವವರ ಹಾಗೆ ಕಾಣುತ್ತೀರಿ, ಆದರೆ ಮೂರೂವರೆ ಸೆಂಟಿಮೀಟರಿಗೆ ಉಂಗುರಕ್ಕಿಂತ ಸೊಂಟವೇ ಚುರುಕು.

ನಿಕಾನ್ ಉಂಗುರ ಒಂದು ಕಡೆ ತಿರುಗಿದರೆ ಕ್ಯಾನನ್ನಿನದು ಅದಕ್ಕೆ ವಿರುದ್ಧ. ಎರಡೂ ಇಟ್ಟುಕೊಂಡವರು ಬೆಳಿಗ್ಗೆ ಎದ್ದ ಕೂಡಲೇ ಯಾವುದನ್ನು ಹಾಕಿದ್ದೇನೆ ಎಂದು ನೆನಪಿಸಿಕೊಳ್ಳಬೇಕು.

ಮಳೆಗಾಲದ ಅನುಬಂಧ

ಆಗುಂಬೆಯ ಸುತ್ತಮುತ್ತ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗುವುದಿಲ್ಲ, ಬೆಂಕಿಪೊಟ್ಟಣ ಗೀರಿದರೆ ಹತ್ತುವುದಿಲ್ಲ, ಬೆಲ್ಟಿನ ಮೇಲೆ ಬೂಷ್ಟು ಬೆಳೆಯುತ್ತದೆ. ಅದೇ ಬೂಷ್ಟು ಲೆನ್ಸಿನೊಳಗೆ ಬೆಳೆದರೆ ಅದಕ್ಕೆ ಫಂಗಸ್ ಎಂಬ ಮರ್ಯಾದೆಯ ಹೆಸರು. ಬೇಗ ಕಂಡುಹಿಡಿದು ಬಿಚ್ಚಿ ಒರೆಸಿದರೆ ಹೋಗುತ್ತದೆ. ತಡಮಾಡಿದರೆ ಅದು ಬಿಡುವ ಆಮ್ಲ ಗಾಜಿನ ಲೇಪವನ್ನೇ ತಿನ್ನುತ್ತದೆ. ಹಳೆಯ ಚರ್ಮದ ಚೀಲದಲ್ಲಿ ಲೆನ್ಸ್ ಇಡುವುದು ಬೂಷ್ಟಿಗೆ ಹಾಸಿಗೆ ಹಾಸಿಕೊಟ್ಟಂತೆ. ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್, ಆರ್ದ್ರತೆ ಶೇ. 40ರಿಂದ 50ರ ನಡುವೆ. ಅಕ್ಕಿ ಡಬ್ಬಿಯಲ್ಲಿ ಹೂಳಬೇಡಿ. ನುಸಿ ಮತ್ತು ತೌಡು ಎರಡಕ್ಕೂ ಉಂಗುರದ ಸಂದು ಗೊತ್ತು. ಒಲೆಯ ಮೇಲಿನ ಅಟ್ಟದಲ್ಲಿ ಇಡಿ ಎಂದು ಊರಿನಲ್ಲಿ ಸಲಹೆ ಬಂತು, ಇಟ್ಟೆ. ಬೂಷ್ಟು ಬರಲಿಲ್ಲ. ಹೊಗೆ ಕೂತು ಎಲ್ಲ ಚಿತ್ರಗಳೂ ಮುಂಜಾನೆ ಮಂಜಿನಲ್ಲಿ ತೆಗೆದಂತೆ ಬಂದವು. ಇಬ್ಬರು ಗೆಳೆಯರು ಮೆಚ್ಚಿದರು.

ಬೇಸಿಗೆಯ ಅನುಬಂಧ

ಅಸಾಹಿ ಪೆಂಟಾಕ್ಸ್‌ನವರ ಟಕುಮಾರ್ 50 ಮಿ.ಮೀ. ಎಫ್1.4 ಕೊಂಡವರಿಗೆ ಮಾತ್ರ. ಈ ಲೆನ್ಸಿನ ಏಳು ಗಾಜಿನ ಆವೃತ್ತಿಯಲ್ಲಿ ಬೆಳಕನ್ನು ಚೆನ್ನಾಗಿ ಬಗ್ಗಿಸಲೆಂದು ಥೋರಿಯಂ ಬೆರೆಸಿದ ಗಾಜಿದೆ. ಥೋರಿಯಂ ವಿಕಿರಣ ಸೂಸುವ ಧಾತು. ಪ್ರಮಾಣ ಅಲ್ಪ, ಚಿತ್ರ ತೆಗೆಯುವವರಿಗೆ ಭಯವಿಲ್ಲ, ದಿಂಬಿನ ಕೆಳಗೆ ಇಟ್ಟುಕೊಂಡು ಮಲಗುವುದು ಬೇಡ. ಅದರ ಅರ್ಧಾಯುಷ್ಯ ಸುಮಾರು 1,400 ಕೋಟಿ ವರ್ಷ, ಆದ್ದರಿಂದ ವಾರಂಟಿ ಕೇಳಬೇಡಿ. ಆ ವಿಕಿರಣದಿಂದಲೇ ದಶಕಗಳು ಕಳೆದಂತೆ ಗಾಜು ಚಹಾದ ಬಣ್ಣಕ್ಕೆ ತಿರುಗುತ್ತದೆ. ಮದ್ದು ಸುಲಭ: ನೇರಳಾತೀತ ಕಿರಣ, ಅಂದರೆ ಬಿಸಿಲು. ಕೆಲವು ದಿನ, ಒಮ್ಮೊಮ್ಮೆ ಕೆಲವು ವಾರ, ಬಿಸಿಲಿನಲ್ಲಿಟ್ಟರೆ ಹಳದಿ ಇಳಿಯುತ್ತದೆ.

ಏಪ್ರಿಲ್‌ನಲ್ಲಿ ನಮ್ಮ ಅಂಗಳಕ್ಕಿಂತ ಒಳ್ಳೆಯ ಬಿಸಿಲು ಎಲ್ಲಿದೆ? ಹಪ್ಪಳದ ಚಾಪೆಯ ಮೂಲೆಯಲ್ಲಿ ಟಕುಮಾರನ್ನು ನಿಲ್ಲಿಸಿ ಒಳಗೆ ಊಟಕ್ಕೆ ಹೋದೆ. ಲೆನ್ಸ್ ಎಂಬುದು ಮೂಲತಃ ಭೂತಗನ್ನಡಿ ಎಂಬುದು ಊಟದ ನಡುವೆ ಚಾಪೆ ಸುಟ್ಟ ವಾಸನೆ ಬಂದಾಗ ನೆನಪಾಯಿತು. ಓಡಿಬಂದು ನೋಡಿದರೆ ಒಂದು ಹಪ್ಪಳದ ನಡುವೆ ಬಟಾಣಿ ಗಾತ್ರದ ತೂತು, ಸುತ್ತ ಹದವಾಗಿ ಕೆಂಪಾಗಿತ್ತು. ಆದ್ದರಿಂದ: ಹಿಂದಿನ ಬಾಯಿಗೆ ಅಲ್ಯೂಮಿನಿಯಂ ಹಾಳೆ ಹೊದಿಸಿ, ಹೊಳೆಯುವ ಬದಿ ಒಳಮುಖವಾಗಿರಲಿ, ಕೆಳಗೆ ಕಲ್ಲು ಇರಲಿ, ಬಿಟ್ಟು ದೂರ ಹೋಗಬೇಡಿ. ಬಿಸಿಲಿನಲ್ಲಿರುವ ಲೆನ್ಸಿನ ಮೂಲಕ ಸೂರ್ಯನನ್ನು ಇಣುಕಿ ನೋಡಲೇಬೇಡಿ. ಈ ಒಂದು ಸಾಲಿನಲ್ಲಿ ತಮಾಷೆಯಿಲ್ಲ.

ದೊಡ್ಡಮ್ಮ ಆ ತೂತಿನ ಹಪ್ಪಳವನ್ನು ಬೈಯದೆ ಬದಿಗಿಟ್ಟಳು. ಮರುದಿನ ನಾನು ಹಾಳೆ ಸುತ್ತಿ ಲೆನ್ಸನ್ನು ತಂದಾಗ ತುಳಸಿಕಟ್ಟೆಯ ಕಲ್ಲಿನ ಮೇಲೆ ಅವಳೇ ಜಾಗ ತೋರಿಸಿದಳು, ಕಾಗೆ ಕೋಲನ್ನು ಹತ್ತಿರಕ್ಕೆ ಎಳೆದುಕೊಂಡಳು. ಎರಡು ಗಂಟೆಗೆ ಹಪ್ಪಳಗಳನ್ನು ಒಂದೊಂದಾಗಿ ಎತ್ತಿ ಮಗುಚುತ್ತ ಚಾಪೆಯ ತುದಿಗೆ ಬಂದು, ಕಟ್ಟೆಯ ಮೇಲಿದ್ದ ಟಕುಮಾರಿನ ಹತ್ತಿರ ಕೈ ನಿಲ್ಲಿಸಿ ನನ್ನ ಕಡೆ ನೋಡಿದಳು.

“ಇದನ್ನೂ ಮಗುಚ್‌ಬೇಕೇನೋ?”